ಹಿಂಡಿನ ಮೀನು, ಮನೆಯ ನೀರು

ಹೋಗಿದ್ದ ಕರೆಂಟ್ ರಾತ್ರಿ ಹನ್ನೊಂದರ ಹೊತ್ತಿಗೆ ದಿಢೀರನೆ ಬಂತು. ಹಾಲಿನ ಟ್ಯೂಬ್‌ಲೈಟೂ ಟ್ಯಾಂಕಿನ ದೀಪವೂ ಒಟ್ಟಿಗೇ ಹೊತ್ತಿಕೊಂಡವು. ಮರುಕ್ಷಣ ಗಾಜಿಗೆ ಕಲ್ಲು ಬಡಿದಂಥ ಸದ್ದು, ಅದರ ಬೆನ್ನಿಗೇ ನೆಲದ ಮೇಲೆ ಪಟಪಟ. ಓಡಿ ಬಂದು ನೋಡಿದರೆ ನಾಲ್ಕು ಬಾಲಾ ಶಾರ್ಕ್‌ಗಳಲ್ಲಿ ಮೂರು ಒಂದೇ ಮೂಲೆಗೆ ಒತ್ತಿಕೊಂಡು ನಿಂತಿದ್ದವು. ನಾಲ್ಕನೆಯದು ಮುಚ್ಚಳದ ಸಂದಿಯಿಂದ ಹಾರಿ ಸೋಫಾದ ಕಾಲ ಬಳಿ ಬಿದ್ದಿತ್ತು. ಒದ್ದೆ ಟವೆಲಿನಲ್ಲಿ ಎತ್ತಿ ನೀರಿಗೆ ಬಿಟ್ಟೆ. ಮೂತಿಯ ಚರ್ಮ ಕಿತ್ತು ಬಂದಿತ್ತು. ಗಾಜಿನ ಒಳಮೈಗೆ ಎರಡು ಹುರುಪೆ ಅಂಟಿಕೊಂಡು ದೀಪದ ಬೆಳಕಿಗೆ ಹೊಳೆಯುತ್ತಿದ್ದವು. ಎರಡು ದಿನ ಬದುಕಿತ್ತು.

ಎರಡು ವರ್ಷದ ಹಿಂದೆ ಅವನ್ನು ತಂದಾಗ ಒಂದೊಂದೂ ಎರಡಿಂಚು. ಬೆಳ್ಳಿಯಂಥ ಮೈ, ರೆಕ್ಕೆಗಳಿಗೆಲ್ಲ ಕಾಡಿಗೆ ಎಳೆದಂಥ ಕಪ್ಪು ಅಂಚು. ನನ್ನ ಟ್ಯಾಂಕ್ 3 ಅಡಿಯದು. ‘ಟ್ಯಾಂಕ್ ಎಷ್ಟಿದೆಯೋ ಅಷ್ಟಕ್ಕೇ ಬೆಳೀತವೆ, ಚಿಂತೆ ಮಾಡ್ಬೇಡಿ’ ಎಂದಿದ್ದರು ಅಂಗಡಿಯವರು. ನಂಬಿದೆ. ಮೀನು ಸಾಕುವವರ ಲೋಕದಲ್ಲಿ ಇದಕ್ಕಿಂತ ಹೆಚ್ಚು ಮೀನು ಕೊಂದ ಮಾತು ಇನ್ನೊಂದಿಲ್ಲ ಎಂದು ಈಗ ನನಗೆ ಖಾತ್ರಿಯಾಗಿದೆ. ಇಕ್ಕಟ್ಟಿನಲ್ಲಿ ಮೀನಿನ ಬೆಳವಣಿಗೆ ಕುಂಠಿತವಾಗುವುದು ನಿಜ. ಆದರೆ ಅದು ಒಗ್ಗಿಕೊಂಡದ್ದರ ಗುರುತಲ್ಲ. ನೀರು ಕೆಟ್ಟು, ಮೈ ಸೊರಗಿ, ಬೆನ್ನು ಡೊಂಕಾಗಿ, ಇಪ್ಪತ್ತು ವರ್ಷ ಬಾಳಬೇಕಾದದ್ದು ಮೂರು ವರ್ಷಕ್ಕೆ ಮುಗಿಯುವ ಕಥೆ ಅದು.

ಅಂದಿನಿಂದ ಒಂದು ಪ್ರಶ್ನೆಯನ್ನು ಬೆನ್ನು ಹತ್ತಿದ್ದೇನೆ. ದೊಡ್ಡದಾಗಿ ಬೆಳೆಯುವ, ಹಿಂಡಿನಲ್ಲೇ ಬಾಳುವ ಸಿಹಿನೀರ ಮೀನನ್ನು ಮನೆಯಲ್ಲಿ ಸಾಕಲು ಸಾಧ್ಯವೇ? ಸಾಧ್ಯವಾದರೆ ಯಾವುದನ್ನು, ಎಷ್ಟನ್ನು, ಎಷ್ಟು ನೀರಿನಲ್ಲಿ? ಒಂಟಿಯಾಗಿರುವ ದೊಡ್ಡ ಮೀನನ್ನು ಸಾಕುವವರಿಗೆ ಜಾಗದ ಚಿಂತೆ ಮಾತ್ರ. ನಿಯಾನ್ ಟೆಟ್ರಾದಂಥ ಸಣ್ಣ ಹಿಂಡಿನ ಮೀನಿಗೆ ಸಂಗಾತಿಗಳಿದ್ದರಾಯಿತು, ಎರಡಡಿಯ ಟ್ಯಾಂಕೂ ನಡೆದೀತು. ಗಾತ್ರವೂ ಹಿಂಡೂ ಒಂದೇ ಮೀನಿನಲ್ಲಿ ಸೇರಿದಾಗ ಎರಡು ಬೇಡಿಕೆಗಳನ್ನು ಕೂಡಿಸಿದರೆ ಸಾಲದು, ಗುಣಿಸಬೇಕಾಗುತ್ತದೆ. ನಮ್ಮ ಹವ್ಯಾಸಿಗಳ ಲೆಕ್ಕ ತಪ್ಪುವುದು ಈ ಗುಣಾಕಾರದಲ್ಲಿ.

ಅಂಗಡಿಗಳಲ್ಲಿ ಈ ಬಗೆಯ ಮೀನು ಎಷ್ಟೊಂದಿವೆ ನೋಡಿ. ಬಾಲಾ ಶಾರ್ಕ್‌ಗೆ ಶಾರ್ಕ್ ಎಂಬ ಹೆಸರು ಬಂದದ್ದು ಬೆನ್ನಿನ ತ್ರಿಕೋನದ ರೆಕ್ಕೆಯಿಂದ, ಅಷ್ಟೇ. ನಮ್ಮ ಕಾಟ್ಲಾ, ರೋಹುಗಳ ಹಾಗೆ ಅದೂ ಗೆಂಡೆಯ ಕುಲದ್ದೇ. ಥಾಯ್ಲೆಂಡ್, ಮಲಯ, ಸುಮಾತ್ರ, ಬೋರ್ನಿಯೋಗಳ ನದಿಗಳಲ್ಲಿ 35 ಸೆಂ.ಮೀ.ವರೆಗೆ ಬೆಳೆಯುತ್ತದೆ. ಅದೇ ಸೀಮೆಯ ಟಿನ್‌ಫಾಯಿಲ್ ಬಾರ್ಬ್ ಕೂಡ ಅಷ್ಟೇ ಉದ್ದ, ಅಗಲ ಇನ್ನೂ ಹೆಚ್ಚು. ಊಟದ ತಟ್ಟೆಯಷ್ಟು ಮೈ. ಅಮೆಜಾನಿನ ಸಿಲ್ವರ್ ಡಾಲರ್ 15 ಸೆಂ.ಮೀ.ಗೆ ನಿಲ್ಲುತ್ತದೆ. ಅದರ ನೆಂಟ ಪಾಕು ನಿಲ್ಲುವುದಿಲ್ಲ. ಕೆಂಪು ಹೊಟ್ಟೆಯ ಪಾಕು ಮರಿಯನ್ನು ‘ಪಿರಾನ್ಹಾ’ ಎಂದು ಹೇಳಿ ಮಾರುವವರಿದ್ದಾರೆ. ಬೆಳೆದರೆ ಎರಡಡಿ ದಾಟುವ ಅದೇ ಮೀನು ಮೀನುಪೇಟೆಯಲ್ಲಿ ‘ರೂಪ್‌ಚಂದ್’ ಎಂಬ ಹೆಸರಿನಲ್ಲಿ ಮಂಜುಗಡ್ಡೆಯ ಮೇಲೆ ಮಲಗಿರುತ್ತದೆ. ಕಿತ್ತಳೆ ಮೈಗೆ ಮೂರು ಕಪ್ಪು ಪಟ್ಟೆಯ ಕ್ಲೌನ್ ಲೋಚ್ ಹೆಬ್ಬೆರಳಷ್ಟಿರುವಾಗ ಬರುತ್ತದೆ. ನಿಧಾನವಾಗಿ ಬೆಳೆದು ಅಡಿಯ ಹತ್ತಿರ ಬರುವ ಅದು ಇಪ್ಪತ್ತು ವರ್ಷಕ್ಕೂ ಮೀರಿ ಬದುಕಬಲ್ಲದು.

ಇವೆಲ್ಲದರಲ್ಲಿ ನನಗೆ ಅತಿ ಹೆಚ್ಚು ಸಂಕಟ ತರುವುದು ‘ಶಾರ್ಕ್’ ಎಂದೇ ಮಾರುವ ಕಪ್ಪು-ಬೆಳ್ಳಿ ಪಟ್ಟೆಯ ಪಂಗಾಸಿಯಸ್ ಮರಿ. ಮೆಕಾಂಗ್ ನದಿಯಲ್ಲಿ ನೂರಾರು ಕಿಲೋಮೀಟರ್ ವಲಸೆ ಹೋಗುವ ಈ ಮೀನು 130 ಸೆಂ.ಮೀ. ಉದ್ದ, 44 ಕೆ.ಜಿ. ತೂಕದವರೆಗೆ ಬೆಳೆದ ದಾಖಲೆಯಿದೆ. ಆಂಧ್ರದ ಕೊಳಗಳಲ್ಲಿ ಊಟಕ್ಕೆಂದು ಬೆಳೆಸುವ, ಹೋಟೆಲುಗಳಲ್ಲಿ ‘ಬಾಸಾ’ ಎಂದು ಬಡಿಸುವ ಮೀನು ಇದೇ. ಅದರ ಮರಿಯನ್ನು ಎರಡಡಿಯ ಗಾಜಿನ ಪೆಟ್ಟಿಗೆಗೆ ಮಾರುವುದನ್ನು ವ್ಯಾಪಾರ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಎರಡಿಂಚಿನ ಮರಿ ಹನ್ನೆರಡು ಇಂಚಾದರೆ ಉದ್ದ ಆರು ಪಟ್ಟಾಯಿತು. ಆದರೆ ಮೈ ಉದ್ದಕ್ಕೆ ಮಾತ್ರ ಬೆಳೆಯುವುದಿಲ್ಲ. ಅಗಲ, ದಪ್ಪವೂ ಆರಾರು ಪಟ್ಟು. ತೂಕ ಹೆಚ್ಚುಕಡಿಮೆ 216 ಪಟ್ಟು. ತಿನ್ನುವುದು, ಉಸಿರಾಡುವುದು, ಹೊರಹಾಕುವ ಕಲ್ಮಶ ಎಲ್ಲವೂ ಆ ಮೈಯನ್ನೇ ಹಿಂಬಾಲಿಸುತ್ತವೆ. ‘ಒಂದು ಇಂಚು ಮೀನಿಗೆ ಒಂದು ಗ್ಯಾಲನ್ ನೀರು’ ಎಂಬ ಹಳೆಯ ಸೂತ್ರ ಸಣ್ಣ ಮೀನುಗಳಿಗೆ ಹೇಗೋ ನಡೆಯುತ್ತದೆ. ಅದನ್ನೇ ಇಲ್ಲಿಗೆ ತಂದರೆ ಒಂದಡಿಯ ಒಂದು ಟಿನ್‌ಫಾಯಿಲ್ಲೂ ಎರಡಿಂಚಿನ ಆರು ಮರಿಗಳೂ ಒಂದೇ ಎಂದಾಗುತ್ತದೆ. ಒಂದರ ಪಕ್ಕ ಇನ್ನೊಂದನ್ನು ಕಣ್ಣಾರೆ ಕಂಡವರು ಯಾರೂ ಹಾಗೆನ್ನಲಾರರು.

ಇನ್ನು ಹಿಂಡು. ಮೀನುಗಳು ಗುಂಪುಗೂಡುವುದು ಒಂದು, ಒಂದೇ ದಿಕ್ಕಿಗೆ ಒಂದೇ ವೇಗದಲ್ಲಿ ಸಾಲುಗಟ್ಟಿ ಈಜುವುದು ಇನ್ನೊಂದು. ಎರಡನೆಯದನ್ನು ಕಣ್ತುಂಬ ನೋಡಬೇಕೆಂದರೆ ಬೆಳ್ತಂಗಡಿ ತಾಲ್ಲೂಕಿನ ಶಿಶಿಲಕ್ಕೋ ಶೃಂಗೇರಿಯ ತುಂಗೆಯ ಮೆಟ್ಟಿಲಿಗೋ ಹೋಗಬೇಕು. ಶಿಶಿಲದ ಕಪಿಲಾ ನದಿಗೆ ಒಂದು ಹಿಡಿ ಮಂಡಕ್ಕಿ ಎಸೆದಾಗ ಮೊಳದುದ್ದದ ಮಹಶೀರ್‌ಗಳು ಮುಗಿಬೀಳುವುದನ್ನು ಎಲ್ಲರೂ ನೋಡುತ್ತಾರೆ. ನಾನು ಕಾಯುವುದು ಮಂಡಕ್ಕಿ ಮುಗಿದ ಮೇಲೆ. ನೀರು ತಿಳಿಯಾಗುತ್ತಿದ್ದಂತೆ ಅವು ಒಂದೊಂದಾಗಿ ಹರಿವಿಗೆ ಎದುರಾಗಿ ನಿಲ್ಲುತ್ತವೆ. ಯಾವುದೋ ಒಂದು ಬಾಲ ಅಲುಗಿಸಿ ಮುಂದಕ್ಕೆ ಸರಿಯುತ್ತದೆ, ಕಣ್ಣೆವೆಯಿಕ್ಕುವುದರೊಳಗೆ ಇಡೀ ಹಿಂಡು ಮುಂದೆ ಸರಿದಿರುತ್ತದೆ. ತಾಗುವುದಿಲ್ಲ, ತಡವರಿಸುವುದಿಲ್ಲ. 1996ರಲ್ಲಿ ಇಲ್ಲಿಯೇ ಯಾರೋ ನೀರಿಗೆ ವಿಷ ಬೆರೆಸಿ ಸಾವಿರಾರು ಮೀನು ಸತ್ತವು. ಸತ್ತ ಮೀನುಗಳಿಗೆ ಊರವರು ಸ್ಮಾರಕ ಕಟ್ಟಿದರು. ದೇವರ ಮೀನು ಎಂಬ ನಂಬಿಕೆಯ ಜೊತೆಗೆ, ದಿನವೂ ಆ ಹಿಂಡನ್ನು ನೋಡುವವರಲ್ಲಿ ಹುಟ್ಟುವ ಸಲಿಗೆಯೂ ಆ ಕಲ್ಲಿನಲ್ಲಿದೆ ಎಂದು ನನಗನ್ನಿಸುತ್ತದೆ.

ಆ ತಾಳಮೇಳಕ್ಕೆ ಮೀನಿನ ಮೈಯಲ್ಲೇ ಸಲಕರಣೆಯಿದೆ. ಕಣ್ಣಂತೂ ಸರಿಯೇ. ಅದರ ಜೊತೆಗೆ ಕಿವಿರಿನಿಂದ ಬಾಲದವರೆಗೆ ಮೈಯ ಎರಡೂ ಬದಿಯಲ್ಲಿ ಹರಿಯುವ ಪಾರ್ಶ್ವರೇಖೆ ಪಕ್ಕದ ಮೀನು ನೀರನ್ನು ತಳ್ಳಿದ ಒತ್ತಡವನ್ನು ಹಿಡಿಯುತ್ತದೆ. ಕಣ್ಣಿಗೆ ಪರದೆ ಕಟ್ಟಿದ ಸೈಥ್ ಎಂಬ ಕಡಲ ಮೀನು ಕೂಡ ಹಿಂಡಿನಲ್ಲಿ ತನ್ನ ಜಾಗ ಕಾಯ್ದುಕೊಂಡದ್ದನ್ನು 1976ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಗೆಂಡೆ, ಲೋಚ್, ಸಿಲ್ವರ್ ಡಾಲರ್, ಪಂಗಾಸಿಯಸ್ ಎಲ್ಲ ಸೇರಿದ ದೊಡ್ಡ ಬಳಗಕ್ಕೆ ಇನ್ನೊಂದು ವರವಿದೆ. ಗಾಳಿಚೀಲದಿಂದ ಒಳಗಿವಿಗೆ ಸದ್ದು ದಾಟಿಸುವ ಪುಟ್ಟ ಎಲುಬುಗಳ ಸಾಲು. 1820ರಲ್ಲಿ ಅದನ್ನು ವರ್ಣಿಸಿದ ಜರ್ಮನಿಯ ವೆಬರ್ ಹೆಸರೇ ಅದಕ್ಕೆ ನಿಂತಿದೆ. ನಾವು ಗಾಜನ್ನು ಬೆರಳಿನಿಂದ ಕುಟ್ಟಿದಾಗ, ಟ್ಯಾಂಕಿನ ಪಕ್ಕದ ಟಿ.ವಿ. ಸ್ಪೀಕರು ಗುಡುಗಿದಾಗ, ಗೋಡೆಯಾಚೆ ವಾಷಿಂಗ್ ಮಷಿನ್ ತಿರುಗಿದಾಗ ಈ ಮೀನುಗಳು ಬೆಚ್ಚುವುದು ಆ ವರದ ಇನ್ನೊಂದು ಮುಖ.

ಅದೇ ಬಳಗದಲ್ಲಿ ಇನ್ನೂ ಒಂದು ಗುಣವಿದೆ. ಜೇನಿನ ಕುಣಿತದ ಭಾಷೆ ಬಿಡಿಸಿದ ಕಾರ್ಲ್ ಫಾನ್ ಫ್ರಿಷ್ 1938ರಲ್ಲಿ ಒಂದು ವಿಷಯ ಪ್ರಕಟಿಸಿದರು. ಮಿನ್ನೋ ಎಂಬ ಪುಟ್ಟ ಮೀನಿನ ಚರ್ಮಕ್ಕೆ ಗಾಯವಾದರೆ ಅದರಿಂದ ಏನೋ ಒಂದು ನೀರಿಗೆ ಇಳಿಯುತ್ತದೆ, ಅದರ ವಾಸನೆಗೆ ಉಳಿದವೆಲ್ಲ ಬೆದರಿ ಚದುರುತ್ತವೆ. ಗೆಂಡೆಯ ಬಳಗದ ತುಂಬ ಈ ಭಯದ ಗಂಧವಿದೆ. ಅದನ್ನು ಓದಿದ ದಿನ ನನಗೆ ಆ ರಾತ್ರಿಯ ಇನ್ನರ್ಧ ಅರ್ಥವಾಯಿತು. ಮೂತಿ ಒಡೆದುಕೊಂಡದ್ದು ಒಂದು ಮೀನು. ಉಳಿದ ಮೂರು ಅದಾಗಿ ನಾಲ್ಕು ದಿನ ಮೂಲೆ ಬಿಟ್ಟು ಬರಲಿಲ್ಲ, ತಿಂಡಿಗೆ ಬಾಯಿ ಹಾಕಲಿಲ್ಲ. ಹೊಳೆಯಾದರೆ ಹರಿವು ಅದನ್ನು ತೊಳೆದುಕೊಂಡು ಹೋಗುತ್ತಿತ್ತು. ಟ್ಯಾಂಕಿನಲ್ಲಿ ಗಾಯಗೊಂಡ ಮೀನೂ ಅಲ್ಲೇ, ಅದೇ ನೀರು ಫಿಲ್ಟರಿನಲ್ಲಿ ಸುತ್ತಿ ಸುತ್ತಿ ಬರುತ್ತಿತ್ತು.

ಇಷ್ಟು ತಿಳಿದ ಮೇಲೆ ‘ಒಂದೋ ಎರಡೋ ಸಾಕು, ಜಾಗ ಉಳಿಯುತ್ತದೆ’ ಎಂಬ ಜಾಣತನಕ್ಕೆ ಬೆಲೆಯಿಲ್ಲ. ಒಂಟಿ ಬಾಲಾ ಶಾರ್ಕ್ ನೆರಳಿಗೂ ಹೆದರುತ್ತದೆ. ಎರಡಿದ್ದರೆ ಬಲವಾದದ್ದು ಇನ್ನೊಂದನ್ನು ಅಟ್ಟುತ್ತಲೇ ಇರುತ್ತದೆ. ಐದಾರು ಆದಾಗ ಆ ಜಗಳ ಹಂಚಿಹೋಗುತ್ತದೆ, ಯಾರೊಬ್ಬರ ಮೈಮೇಲೂ ಪೂರ್ತಿ ಬೀಳುವುದಿಲ್ಲ. ಕ್ಲೌನ್ ಲೋಚ್‌ಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಗುಂಪಿಗೊಂದು ಯಜಮಾನ್ತಿಕೆ, ಜಗಳದ ಹೊತ್ತಿಗೆ ಮೈಬಣ್ಣ ಬಿಳಿಚಿಕೊಳ್ಳುವುದು, ತಿಂಡಿ ಕಂಡರೆ ಟಕಟಕ ಸದ್ದು. ಮೊದಲ ಸಲ ನೋಡುವವರು ಸತ್ತೇಹೋಯಿತು ಎಂದು ಗಾಬರಿಯಾಗುವಂತೆ ಪಕ್ಕಕ್ಕೆ ಹೊರಳಿ ಮಲಗುವ ಅಭ್ಯಾಸ ಬೇರೆ. ಎರಡೇ ಲೋಚ್ ಇರುವ ಟ್ಯಾಂಕಿನಲ್ಲಿ ಇದ್ಯಾವುದೂ ಕಾಣುವುದಿಲ್ಲ. ಮರದ ಬೇರಿನ ಹಿಂದೆ ಎರಡು ಬಾಲ ಕಂಡರೆ ಹೆಚ್ಚು. ಹಿಂಡಿನ ಮೀನು ತನ್ನ ಸ್ವಭಾವ ತೋರುವುದು ಹಿಂಡಿನಲ್ಲಿ ಮಾತ್ರ. ಆರಕ್ಕಿಂತ ಕಡಿಮೆ ತರುವವರು ಮೀನಿನ ಮೈಯನ್ನು ತಂದಿರುತ್ತಾರೆ, ಮೀನನ್ನಲ್ಲ.

ಆರು ಮೀನು, ಒಂದೊಂದೂ ಒಂದಡಿ. ಎಷ್ಟು ನೀರು? ಲೀಟರಿಗಿಂತ ಮೊದಲು ಉದ್ದ ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ. ಓಡುವ ಮೀನಿಗೆ ಬೇಕಾದದ್ದು ಓಟದ ದಾರಿ. ನಾಲ್ಕಡಿಯ ಟ್ಯಾಂಕಿನಲ್ಲಿ ಒಂದಡಿಯ ಮೀನು ಬಾಲ ಮೂರು ಸಲ ಬೀಸುವಷ್ಟರಲ್ಲಿ ಗಾಜು ಎದುರಾಗುತ್ತದೆ. ಎತ್ತರ ಎಷ್ಟಿದ್ದರೂ ಅದಕ್ಕೆ ಪ್ರಯೋಜನವಿಲ್ಲ. ಅಂಗಡಿಗಳು ಚಂದಕ್ಕೆಂದು ಮಾರುವ ನೀಳ ಎತ್ತರದ, ಕಿರಿದಾದ ಟ್ಯಾಂಕುಗಳು ಈ ಮೀನುಗಳಿಗೆ ನಿಲ್ಲಿಸಿದ ಬಾವಿಗಳಿದ್ದಂತೆ. ಅಗಲ ಕೂಡ ಮುಖ್ಯ. ಒಂದೂವರೆ ಅಡಿ ಅಗಲದಲ್ಲಿ ಒಂದಡಿಯ ಆರು ಮೀನು ಒಮ್ಮೆಲೇ ತಿರುಗಲು ಆಗುವುದಿಲ್ಲ. ಸಿಲ್ವರ್ ಡಾಲರ್ ಹಿಂಡಿಗೆ 6 ಅಡಿ ಉದ್ದ, 2 ಅಡಿ ಅಗಲ ಸಾಕಾದೀತು. ಬಾಲಾ ಶಾರ್ಕ್, ಟಿನ್‌ಫಾಯಿಲ್‌ಗಳಿಗೆ 8 ಅಡಿ ಉದ್ದ, 3 ಅಡಿ ಅಗಲದಿಂದ ಮಾತು ಶುರುವಾಗಬೇಕು. ಪಾಕು, ಪಂಗಾಸಿಯಸ್‌ಗಳಿಗೆ ಮನೆಯ ಅಳತೆಯೇ ಇಲ್ಲ.

8 ಅಡಿ, 3 ಅಡಿ, ಎರಡೂವರೆ ಅಡಿ ಎತ್ತರ ಎಂದರೆ 60 ಘನ ಅಡಿ. ಘನ ಅಡಿಗೆ 28 ಲೀಟರಿಗಿಂತ ತುಸು ಹೆಚ್ಚು, ಒಟ್ಟು 1,700 ಲೀಟರ್. ನೀರೇ 1.7 ಟನ್. ಗಾಜು, ಕಬ್ಬಿಣದ ಸ್ಟ್ಯಾಂಡ್, ಕಲ್ಲು ಸೇರಿದರೆ ಎರಡು ಟನ್ನಿನ ಹತ್ತಿರ. ನಮ್ಮ ದೇಶದ ಮಾನದಂಡದಲ್ಲಿ ವಾಸದ ಕೋಣೆಯ ನೆಲಕ್ಕೆ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 200 ಕೆ.ಜಿ. ಈ ಟ್ಯಾಂಕ್ ನಿಲ್ಲುವ ಜಾಗ ಎರಡು ಚದರ ಮೀಟರಿಗೆ ತುಸು ಹೆಚ್ಚು, ಅಷ್ಟೇ. ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಕಿಟಕಿಯ ಬೆಳಕು ಚೆನ್ನಾಗಿದೆ ಎಂದು ಹಾಲಿನ ನಡುವೆ ಇದನ್ನು ಇಡುವವರು ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಬೇಕು. ನೆಲಮಹಡಿ, ತಳದಲ್ಲಿ ಗಟ್ಟಿ ಮಣ್ಣು ಇದ್ದರೆ ನಿಶ್ಚಿಂತೆ.

ನೀರಿನ ಒಳಗಿನ ಲೆಕ್ಕ ಇನ್ನೊಂದು. ಮೀನು ಕಿವಿರಿನಿಂದಲೇ ಅಮೋನಿಯಾ ಹೊರಹಾಕುತ್ತದೆ. ಫಿಲ್ಟರಿನ ಸ್ಪಂಜು, ಸೆರಾಮಿಕ್ ತುಂಡುಗಳ ಮೇಲೆ ನೆಲೆಯೂರಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡೂ ವಿಷ. ಮೂರನೆಯದು ಕಡಿಮೆ ಅಪಾಯದ್ದಾದರೂ ಕೂಡುತ್ತಾ ಹೋಗುತ್ತದೆ, ತೆಗೆಯಲು ನೀರು ಬದಲಿಸಬೇಕು. ಈ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ತಿಂಗಳ ಮೇಲಾಗುತ್ತದೆ ಎಂಬುದನ್ನು ಹವ್ಯಾಸಿಗಳು ಈಗೀಗ ಅರಿತಿದ್ದಾರೆ, ಸಂತೋಷ. ಆದರೆ ಎರಡಿಂಚಿನ ಆರು ಮರಿಗೆ ಸಿದ್ಧವಾದ ಫಿಲ್ಟರು ಒಂದಡಿಯ ಆರು ಮೀನಿಗೆ ಸಾಲುವುದಿಲ್ಲ. ಮೀನು ಬೆಳೆದಂತೆ ಫಿಲ್ಟರೂ ಬೆಳೆಯಬೇಕು. ಅದರಲ್ಲೂ ಟಿನ್‌ಫಾಯಿಲ್, ಸಿಲ್ವರ್ ಡಾಲರ್‌ಗಳು ಸೊಪ್ಪು ತಿನ್ನುವವು. ಪಾಲಕ್, ಸೌತೆಕಾಯಿ, ಬಟಾಣಿ ಎಷ್ಟು ಹಾಕಿದರೂ ಮುಗಿಸುತ್ತವೆ, ಅಷ್ಟೇ ಹಿಕ್ಕೆ ಬಿಡುತ್ತವೆ. ಆಸೆಪಟ್ಟು ನೆಟ್ಟ ಗಿಡಗಳು ಬೆಳಗಾಗುವುದರೊಳಗೆ ಬರೀ ಕಡ್ಡಿ.

ವಾರಕ್ಕೆ ಮೂರನೇ ಒಂದು ಪಾಲು ನೀರು ಬದಲಿಸುವುದೆಂದರೆ ಆ 1,700 ಲೀಟರಿನಲ್ಲಿ 550 ಲೀಟರಿಗೂ ಹೆಚ್ಚು. ಇದನ್ನು ಬರೆಯುವಾಗ ನನಗೆ 2024ರ ಬೇಸಿಗೆ ನೆನಪಾಗುತ್ತದೆ. ಕಾರು ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಬೆಂಗಳೂರಿನಲ್ಲಿ ಆದೇಶವಾಗಿದ್ದ ಬೇಸಿಗೆ ಅದು. ಟ್ಯಾಂಕರಿಗಾಗಿ ಕೊಡ ಹಿಡಿದು ನಿಂತವರ ಬೀದಿಯಲ್ಲಿ ಮೀನಿಗೆಂದು ವಾರಕ್ಕೆ ಐನೂರು ಲೀಟರ್ ಚೆಲ್ಲಲು ಯಾರಿಗೆ ಮನಸ್ಸು ಬಂದೀತು? ಟ್ಯಾಂಕಿನ ಹಳೆಯ ನೀರು ಗಿಡಗಳಿಗೆ ಒಳ್ಳೆಯ ಗೊಬ್ಬರ ಎಂಬುದು ಸತ್ಯ. ಮಳೆನೀರು ಸಂಗ್ರಹ, ಮೇಲೊಂದು ಕೈತೋಟ ಇದ್ದವರಿಗೆ ಈ ಲೆಕ್ಕ ಕೂಡಿಬರುತ್ತದೆ. ಇಲ್ಲದವರು ದೊಡ್ಡ ಹಿಂಡಿನ ಆಸೆಯನ್ನು ಅಲ್ಲಿಗೇ ಬಿಡುವುದು ಒಳಿತು. ಕಾವೇರಿ ನೀರಾದರೆ ಕ್ಲೋರಿನ್ ತೆಗೆದು ಬಿಡಬೇಕು. ಬೋರ್‌ವೆಲ್ ಆದರೆ ಗಡಸುತನ ಅಳೆದು ನೋಡಬೇಕು.

ಬೇಸಿಗೆಯಲ್ಲಿ ನೀರು 30 ಡಿಗ್ರಿಗೆ ಏರಿದಾಗ ಒಂದು ಲೀಟರಿನಲ್ಲಿ ಕರಗಬಲ್ಲ ಆಮ್ಲಜನಕ ಏಳೂವರೆ ಮಿಲಿಗ್ರಾಂ. 20 ಡಿಗ್ರಿಯಲ್ಲಿ ಒಂಬತ್ತಕ್ಕೂ ಹೆಚ್ಚು. ಹರಿವ ನೀರಿನಲ್ಲಿ ಹುಟ್ಟಿದ, ಸದಾ ಈಜುವ ಮೀನಿಗೆ ಈ ವ್ಯತ್ಯಾಸ ದೊಡ್ಡದು. ಕರೆಂಟ್ ಹೋದರೆ ಮೊದಲು ಮೇಲ್ಮೈಗೆ ಬಂದು ಬಾಯಿ ತೆರೆಯುವವು ಇವೇ. ಬ್ಯಾಟರಿಯ ಏರ್ ಪಂಪ್ ಒಂದನ್ನು ಮನೆಯಲ್ಲಿ ಇಟ್ಟುಕೊಳ್ಳದೆ ಇವುಗಳನ್ನು ತರಲೇಬಾರದು. ದೀಪ ಒಮ್ಮೆಲೇ ಹೊತ್ತದೆ ಮೆಲ್ಲಗೆ ಬೆಳಗುವ ಹಾಗೆ ಟೈಮರು, ಡಿಮ್ಮರು ಅಳವಡಿಸುವುದು, ಮುಚ್ಚಳಕ್ಕೆ ಸಂದಿಯಿರದಂತೆ ನೋಡಿಕೊಳ್ಳುವುದು – ಇವನ್ನು ನಾನು ಕಲಿತದ್ದು ಸೋಫಾದ ಕಾಲ ಬಳಿ.

ಮೀನು ಎಲ್ಲಿಂದ ಬರುತ್ತದೆ ಎಂಬುದನ್ನೂ ಕೇಳಬೇಕು. ಬಾಲಾ ಶಾರ್ಕ್ ತನ್ನ ಹುಟ್ಟೂರಿನ ಹಲವು ನದಿಗಳಲ್ಲಿ ಈಗ ಅಪರೂಪ. ಅಂಗಡಿಗೆ ಬರುವ ಮರಿಗಳು ಹಾರ್ಮೋನ್ ಚುಚ್ಚಿ ಮೊಟ್ಟೆ ಇಡಿಸಿದ ಆಗ್ನೇಯ ಏಷ್ಯಾದ ಫಾರ್ಮುಗಳವು. ಕ್ಲೌನ್ ಲೋಚ್ ಮಾತ್ರ ಇಂದಿಗೂ ಹೆಚ್ಚಾಗಿ ಸುಮಾತ್ರ, ಬೋರ್ನಿಯೋಗಳ ಹೊಳೆಯಿಂದಲೇ ಹಿಡಿದು ತಂದದ್ದು. ಮನೆಯಲ್ಲಿ ಅದನ್ನು ಮರಿ ಮಾಡಿಸಿದವರು ಇಲ್ಲವೆನ್ನುವಷ್ಟು ಕಡಿಮೆ.

ದೂರದ ದ್ವೀಪಗಳ ಮಾತೇಕೆ, ನಮ್ಮ ಘಟ್ಟದ ಕಥೆಯೇ ಇದೆ. ಕೆಂಪು ಗೆರೆ, ಅದರ ಕೆಳಗೆ ಕಪ್ಪು ಗೆರೆ, ಬಾಲಕ್ಕೆ ಹಳದಿ-ಕಪ್ಪು ಪಟ್ಟಿ ಇರುವ ‘ಮಿಸ್ ಕೇರಳ’ವನ್ನು 1865ರಲ್ಲಿ ಫ್ರಾನ್ಸಿಸ್ ಡೇ ಕೇರಳದ ಮುಂಡಕಯಂನಿಂದ ವರ್ಣಿಸಿದ. ಆಗ ಮದ್ರಾಸಿನ ಗವರ್ನರಾಗಿದ್ದ ಡೆನಿಸನ್ ಹೆಸರು ಅದಕ್ಕಿಟ್ಟ. ಮುಂದಿನ ಸುಮಾರು 130 ವರ್ಷ ಅದು ತನ್ನ ಪಾಡಿಗೆ ಹೊಳೆಯಲ್ಲಿತ್ತು. 1997ರಲ್ಲಿ ಸಿಂಗಪುರದ ಅಕ್ವಾರಾಮ ಪ್ರದರ್ಶನದಲ್ಲಿ ಬಹುಮಾನ ಬಂದದ್ದೇ ತಡ, ಜಗತ್ತಿನ ಅಕ್ವೇರಿಯಂಗಳಿಗೆಲ್ಲ ಅದೇ ಬೇಕಾಯಿತು. ಹಿಂಡಿನಲ್ಲಿ ಓಡಾಡುವ ಮೀನಾದ್ದರಿಂದ ಹಿಡಿಯುವುದೂ ಸುಲಭ, ಒಂದು ಬಲೆಗೆ ಒಂದು ಹಿಂಡು. 2008ರಲ್ಲಿ ಕೇರಳ ಸರ್ಕಾರ ಹಿಡಿಯುವುದಕ್ಕೆ ನಿರ್ಬಂಧ ಹೇರಬೇಕಾಯಿತು. 2005ರಿಂದ 2012ರವರೆಗೆ ಭಾರತದಿಂದ ಅಳಿವಿನಂಚಿನ 30 ಬಗೆಯ ಸಿಹಿನೀರ ಮೀನುಗಳು 15 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ರಫ್ತಾದವು ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಕೊಟ್ಟಿತು. ದೊಡ್ಡ ಪಾಲು ಎರಡು ಬಗೆಯದು. ಒಂದು ಈ ಮಿಸ್ ಕೇರಳ. ಇನ್ನೊಂದು ಝೀಬ್ರಾ ಲೋಚ್. ಇದನ್ನು ಮೊದಲು ವರ್ಣಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್. ವರ್ಷ 1920, ಮೀನು ಸಿಕ್ಕ ಜಾಗ ಶಿವಮೊಗ್ಗದ ತುಂಗೆ. ಗೆರೆಗೆರೆಯ ಬೆರಳುದ್ದದ ಆ ಮೀನನ್ನು ಶಿವಮೊಗ್ಗದವರೇ ಎಷ್ಟು ಜನ ಬಲ್ಲರು? ಯುರೋಪಿನ ಅಕ್ವೇರಿಯಂ ಹವ್ಯಾಸಿಗಳು ಬಲ್ಲರು.

ತರುವುದು ಹೀಗೆ. ಬೆಳೆದ ಮೇಲೆ ಕಳಿಸುವುದೆಲ್ಲಿಗೆ? ಅಂಗಡಿಯವರು ಒಂದಡಿಯ ಮೀನನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಂಡರೂ ಇಡಲು ಅವರಲ್ಲಿ ಜಾಗವಿಲ್ಲ. ಕೊನೆಗೆ ಎಷ್ಟೋ ಜನ ರಾತ್ರಿ ಬಕೆಟ್ ಹಿಡಿದು ಊರ ಕೆರೆಗೆ ನಡೆಯುತ್ತಾರೆ. ಮೀನಿಗೆ ಬಿಡುಗಡೆ ಸಿಕ್ಕಿತು ಎಂಬ ನೆಮ್ಮದಿ ಬೇರೆ. ಟ್ಯಾಂಕಿನ ಪಾಚಿ ತಿನ್ನಲೆಂದು ಅಮೆಜಾನಿನಿಂದ ಬಂದ ಸಕ್ಕರ್ ಮೀನು ದಕ್ಷಿಣ ಭಾರತದ ಹಲವು ಕೆರೆ-ಹೊಳೆಗಳಲ್ಲಿ ಬೀಡುಬಿಟ್ಟು ಮೀನುಗಾರರ ಬಲೆ ಹರಿಯುತ್ತಿರುವುದು ಇಂಥ ಬಕೆಟುಗಳಿಂದಲೇ. 2018ರ ನೆರೆಯಲ್ಲಿ ಕೇರಳದ ಕೊಳಗಳು ಒಡೆದು ಪಾಕು, ಅರಪೈಮಾಗಳು ನದಿಗೆ ಇಳಿದವು. ಮೀನನ್ನು ಕೆರೆಗೆ ಬಿಡುವುದು ದಯೆಯಲ್ಲ ಎಂದು ನಾನು ಎಲ್ಲಿ ಮಾತನಾಡಿದರೂ ಹೇಳುತ್ತೇನೆ, ಇಲ್ಲೂ ಹೇಳುತ್ತಿದ್ದೇನೆ. 2017ರಲ್ಲಿ ಕೇಂದ್ರ ಸರ್ಕಾರ ಅಕ್ವೇರಿಯಂ ಅಂಗಡಿಗಳಿಗೆ ನಿಯಮ ತಂದು ಆ ವರ್ಷವೇ ಹಿಂತೆಗೆದುಕೊಂಡಿತು. ಅದರಲ್ಲಿ ಅತಿಯಾದದ್ದು ಕೆಲವಿತ್ತು. ಆದರೆ ಮೀನು ಬೆಳೆದಾಗ ಎಷ್ಟುದ್ದ ಆಗುತ್ತದೆ ಎಂಬುದನ್ನು ಟ್ಯಾಂಕಿನ ಮೇಲೆ ಬರೆದು ಅಂಟಿಸಬೇಕು ಎಂಬ ಒಂದೇ ಒಂದು ನಿಯಮ ಬಂದರೂ ಈ ಸಾವುಗಳಲ್ಲಿ ಅರ್ಧ ತಪ್ಪೀತು ಎಂದು ನನಗೆ ತೋರುತ್ತದೆ.

ಹಾಗಾದರೆ ಹಿಂಡಿನ ಸೊಬಗು ಬೇಕೆನ್ನುವವರು ಏನು ಮಾಡಬೇಕು? ಅಡಿಯುದ್ದದ ಆಸೆ ಬಿಟ್ಟು ಗೇಣಿನೊಳಗೆ ಬನ್ನಿ ಎನ್ನುತ್ತೇನೆ. ಪಶ್ಚಿಮ ಘಟ್ಟದ ತೊರೆಗಳ ಜೈಂಟ್ ಡ್ಯಾನಿಯೋ ಹೆಸರಿಗೆ ಜೈಂಟ್, ಬೆಳೆಯುವುದು ನಾಲ್ಕಿಂಚು. ನೀಲಿ-ಹಳದಿ ಗೆರೆಗಳ ಹತ್ತು ಡ್ಯಾನಿಯೋ 4 ಅಡಿಯ ಟ್ಯಾಂಕಿನಲ್ಲಿ ಪಂಪಿನ ಹರಿವಿಗೆ ಎದುರಾಗಿ ನಿಂತಾಗ ಶಿಶಿಲದ ಹಿಂಡಿನ ಅದೇ ಲಯ, ಪುಟ್ಟ ಅಳತೆಯಲ್ಲಿ. ನಮ್ಮ ಕರಾವಳಿ-ಘಟ್ಟದ ಹೊಳೆಗಳದೇ ಆದ ಫಿಲಮೆಂಟ್ ಬಾರ್ಬ್ ಇನ್ನೊಂದು. ಬಾಲದ ಬಳಿ ಕಪ್ಪು ಬೊಟ್ಟು, ಗಂಡಿಗೆ ಬೆನ್ನಿನ ರೆಕ್ಕೆಯಿಂದ ಎಳೆಎಳೆಯಾಗಿ ಇಳಿಬಿದ್ದ ತುರಾಯಿ. ಐದಡಿಯಲ್ಲಿ ಎಂಟು ಇಟ್ಟರೆ ಗಂಡುಗಳು ಒಂದಕ್ಕೊಂದು ರೆಕ್ಕೆ ಬಿಚ್ಚಿ ತೋರಿಸುವುದನ್ನೇ ನೋಡುತ್ತಾ ಸಂಜೆ ಕಳೆಯಬಹುದು. ಫಾರ್ಮಿನಲ್ಲಿ ಹುಟ್ಟಿದ ಮಿಸ್ ಕೇರಳವೂ ಸಿಗುತ್ತದೆ, 15 ಸೆಂ.ಮೀ. ಹತ್ತಿರ ಬೆಳೆಯುವ ಅದಕ್ಕೆ ಆರಡಿ ಬೇಕು, ತಂಪಾದ, ಗಾಳಿಯಾಡುವ ನೀರು ಬೇಕು. ಮೂರನ್ನೂ ತಳಿಕೇಂದ್ರಗಳಿಂದಲೇ ಕೊಳ್ಳಬೇಕು. ಕಾಡಿನ ಹಳ್ಳಕ್ಕೆ ಬಲೆ ಹಾಕುವ ಮಾತು ಬೇಡ.

ಜಾಗವಿದ್ದವರಿಗೆ ಇನ್ನೊಂದು ದಾರಿಯಿದೆ. ಗಾಜು ಬಿಟ್ಟು ಸಿಮೆಂಟಿಗೆ ಹೋಗುವುದು. ತೋಟದ ಮನೆಯ ಪಕ್ಕ ಅರ್ಧ ನೆರಳಿನಲ್ಲಿ ಉದ್ದನೆಯ ತೊಟ್ಟಿ, ಮೇಲೆ ಬಲೆ, ಉಕ್ಕುವ ನೀರಿನ ಕೊಳವೆಗೆ ಸಣ್ಣ ಕಣ್ಣಿನ ಜಾಲರಿ, ಹತ್ತಿರದಲ್ಲಿ ಹಳ್ಳವಿರಬಾರದು. ಮೀನನ್ನು ಪಕ್ಕದಿಂದ ನೋಡುವ ಸುಖ ತಪ್ಪುತ್ತದೆ, ಮೇಲಿನಿಂದ ಬೆನ್ನು ಮಾತ್ರ ಕಾಣುತ್ತದೆ. ಮೀನಿಗೆ ಅದರಿಂದ ಏನೂ ನಷ್ಟವಿಲ್ಲ.

ಉಳಿದ ನನ್ನ ಮೂರು ಬಾಲಾ ಶಾರ್ಕ್‌ಗಳು ಹೋದದ್ದು ಅಂಥ ಒಂದು ತೊಟ್ಟಿಗೆ. ತೀರ್ಥಹಳ್ಳಿ ಕಡೆಯ ಪರಿಚಿತರೊಬ್ಬರ ಅಡಿಕೆ ತೋಟದಂಚಿನಲ್ಲಿ 30 ಅಡಿ ಉದ್ದದ ಹಳೆಯ ನೀರಿನ ತೊಟ್ಟಿ. ಅದರಲ್ಲಿ ಮೊದಲೇ ಏಳು ಇದ್ದವು. ಬಿಟ್ಟ ದಿನ ಮೂರೂ ತೊಟ್ಟಿಯ ಒಂದು ಮೂಲೆಯಲ್ಲೇ, ಮೂರಡಿಯೊಳಗೆ, ಹಿಂದೆ ಮುಂದೆ ಸುಳಿದಾಡಿದವು. ಅಲ್ಲಿ ಗಾಜಿರಲಿಲ್ಲ, ಆದರೂ ಗಾಜು ಇರಬೇಕಾದ ಜಾಗಕ್ಕೆ ಬಂದೊಡನೆ ತಿರುಗುತ್ತಿದ್ದವು. ಕತ್ತಲಾಗುವವರೆಗೆ ನೋಡಿ ಬಂದೆ. ಆರು ತಿಂಗಳ ಮೇಲೆ ಹೋದಾಗ ಮಳೆ ಬಿಟ್ಟಿತ್ತು, ನೀರು ತಿಳಿಯಾಗಿತ್ತು. ಹತ್ತು ಬೆನ್ನುಗಳು ತೊಟ್ಟಿಯ ಆ ತುದಿಯಿಂದ ಈ ತುದಿಯವರೆಗೆ ಒಟ್ಟಿಗೆ ಬಂದು, ಒಟ್ಟಿಗೆ ತಿರುಗಿ ಹೋದವು. ಅವುಗಳಲ್ಲಿ ನನ್ನ ಮೂರು ಯಾವುವು ಎಂದು ಎಷ್ಟು ಹೊತ್ತು ನೋಡಿದರೂ ಗುರುತು ಹತ್ತಲಿಲ್ಲ.